ಕುದಿಸಿದರೂ ಹೋಗದ್ದು

ಎಲಿನೀಮಾ ನಗುವಾಗ ಬಾಯಿಗೆ ಕೈ ಅಡ್ಡ ಹಿಡಿಯುತ್ತಿದ್ದಳು. ಮೇರು ಬೆಟ್ಟದ ಬುಡದ ಆ ಹಳ್ಳಿಯಲ್ಲಿ ಅದೇನೂ ಹೊಸದಲ್ಲ. ಅಲ್ಲಿ ಹುಟ್ಟಿ ಬೆಳೆದವರ ಹಲ್ಲೆಲ್ಲ ಕಂದು. ಕೆಲವರದು ಅಂಚು ಉದುರಿ ಮೊಂಡಾಗಿರುತ್ತಿತ್ತು. ಆದರೆ ಹನ್ನೊಂದು ವರ್ಷದ ಎಲಿನೀಮಾಳ ಕಷ್ಟ ಹಲ್ಲಿಗೇ ನಿಂತಿರಲಿಲ್ಲ. ಅವಳ ಕಾಲುಗಳು ಬಿಲ್ಲಿನಂತೆ ಹೊರಕ್ಕೆ ಬಾಗಿದ್ದವು. ಶಾಲೆಗೆ ಅರ್ಧ ತಾಸಿನ ಏರುದಾರಿ. ಮೊದಲು ನಡುವೆ ಒಂದು ಸಲ ಕೂತು ಹೋಗುತ್ತಿದ್ದಳು, ಆಮೇಲೆ ಮೂರು ಸಲ, ನಾಲ್ಕು ಸಲ. ಈ ವರ್ಷದ ದೊಡ್ಡ ಮಳೆ ನಿಂತ ಮೇಲೆ ಅವಳು ಶಾಲೆಯ ಕಡೆ ಹೆಜ್ಜೆ ಇಟ್ಟಿರಲಿಲ್ಲ.

ಊರಲ್ಲಿ ಒಬ್ಬೊಬ್ಬರದು ಒಂದೊಂದು ಮಾತು. ಬಸುರಲ್ಲಿ ತಾಯಿ ಭಾರ ಹೊತ್ತಳು ಅಂದರು. ಯಾರದೋ ಶಾಪ ಅಂದರು. ಅಜ್ಜಿ ಎಲಿಶಿಲಿಯಾ ಮಾತ್ರ ಸೊಸೆಯ ಮುಖ ನೋಡಿಯೇ ಹೇಳುತ್ತಿದ್ದಳು: "ನಮ್ಮ ಮನೇಲಿ ಕಂದು ಹಲ್ಲಿತ್ತು, ಸೊಟ್ಟ ಕಾಲಿರಲಿಲ್ಲ. ಇದು ನಿಮ್ಮ ಕಡೆಯಿಂದ ಬಂದಿದ್ದು."

ಸೊಸೆ ಅನಾನ್ಸಿಯಾ ಬೆಟ್ಟದ ಮೇಲಿನ ಬಾಳೆತೋಟದ ಊರಿನವಳು. ಅಲ್ಲಿಯವರದು ತಿಳಿ ಹಳ್ಳದ ನೀರು. ಅವಳ ಹಲ್ಲು ಬೆಳ್ಳಗಿದ್ದವು. ಅತ್ತೆಯ ಮಾತು ನಿಜವೇ ಇರಬಹುದೆಂದು ಅವಳಿಗೂ ಒಳಗೊಳಗೇ ಅಳುಕಿತ್ತು.

ಒಂದು ವಿಷಯದಲ್ಲಿ ಮಾತ್ರ ಅವಳಿಗೆ ತನ್ನ ಮೇಲೆ ಭರವಸೆ ಇತ್ತು. ನೀರಿನ ವಿಷಯದಲ್ಲಿ. ಎಲಿನೀಮಾಳಿಗಿಂತ ಮುಂಚೆ ಅವಳಿಗೊಂದು ಗಂಡು ಕೂಸು ಹುಟ್ಟಿತ್ತು. ಒಂಬತ್ತು ತಿಂಗಳಿಗೆ ವಾಂತಿಭೇದಿ ಹಿಡಿದು ಎರಡೇ ದಿನಕ್ಕೆ ಹೋಯಿತು. ಆಸ್ಪತ್ರೆಯ ದಾದಿ ಆಗ ಹೇಳಿದ್ದಳು, "ನೀರು ಕುದಿಸಿ ಕೊಡಬೇಕಿತ್ತಮ್ಮ." ಆ ಮಾತು ಅನಾನ್ಸಿಯಾಳ ಎದೆಯಲ್ಲಿ ಮುಳ್ಳಿನಂತೆ ಉಳಿಯಿತು. ಎಲಿನೀಮಾ ಹುಟ್ಟಿದ ಮೇಲೆ ಕುದಿಸದ ಒಂದು ಹನಿ ನೀರನ್ನೂ ಅವಳು ಮಗಳ ಬಾಯಿಗೆ ಬಿಡಲಿಲ್ಲ. ಒಂದು ಕುದಿ ಸಾಲದೆಂದು ಒಂದು ತಾಸು ಕುದಿಸಿದಳು. ಮಗಳ ಕಾಲು ಬಾಗತೊಡಗಿದಾಗ ನೀರಲ್ಲೇನೋ ಉಳಿದಿರಬೇಕೆಂದು ಹೆದರಿ, ಗಡಿಗೆ ಅರ್ಧಕ್ಕಿಳಿಯುವವರೆಗೆ ಕುದಿಸಿದಳು. ಸೌದೆ ತಂದು ತಂದು ಅವಳ ಬೆನ್ನು ಬಿದ್ದುಹೋಗಿತ್ತು.

ಈಗ ಮನೆಯಲ್ಲಿ ಇನ್ನೊಂದು ಮಗುವಿತ್ತು. ತುಮ್ಸಿಫು, ಹತ್ತು ತಿಂಗಳ ಗಂಡು ಕೂಸು.

ಮಂಗಳವಾರ ಊರ ನಡುವಿನ ಬೆಣ್ಣೆಹಣ್ಣಿನ ಮರಕ್ಕೆ ತಕ್ಕಡಿ ಕಟ್ಟಿ ಕೂಸುಗಳ ತೂಕ ನೋಡುತ್ತಿದ್ದರು. ನೋಡುವವಳು ಪೆಂಡಾಎಲಿ, ಆರೋಗ್ಯ ಕಾರ್ಯಕರ್ತೆ. ಅದೇ ಊರಿನ ಹುಡುಗಿ, ಓದಿ ಬಂದವಳು. ಅವಳ ಮುಂದಿನ ಹಲ್ಲುಗಳೂ ಕಂದೇ.

"ತುಮ್ಸಿಫು ತೂಕ ಚೆನ್ನಾಗಿದೆ ಅಕ್ಕಾ," ಅಂದಳು ಪೆಂಡಾಎಲಿ. "ಎದೆಹಾಲು ಬಿಡಿಸಿಲ್ಲ ತಾನೆ?"

"ಇಲ್ಲ. ಜೊತೆಗೆ ಗಂಜಿ, ನೀರು ಶುರು ಮಾಡಿದೀನಿ. ಭಯ ಬೇಡ, ಅರ್ಧಕ್ಕೆ ಅರ್ಧ ಕುದಿಸಿದ ನೀರು. ಎಲಿನೀಮಾಗೂ ಹುಟ್ಟಿದಾಗಿಂದ ಕುದಿಸಿದ್ದನ್ನೇ ಕೊಟ್ಟಿದ್ದು," ಎಂದಳು ಅನಾನ್ಸಿಯಾ. ಹೆಮ್ಮೆಯಿಂದಲೇ ಹೇಳಿದಳು.

ಪೆಂಡಾಎಲಿಯ ಕೈ ತಕ್ಕಡಿಯ ಮೇಲೆ ಹಾಗೇ ನಿಂತಿತು.

"ಯಾಕೆ? ತಪ್ಪಾ?"

"ಸಾಯಂಕಾಲ ಮನೆಗೆ ಬರ್ತೀನಿ ಅಕ್ಕಾ. ಇಲ್ಲಿ ಬೇಡ."

ಸಾಯಂಕಾಲ ಬೇಲಿಯಾಚೆಯಿಂದ "ಹೋಡಿ, ಬರಬಹುದಾ?" ಎಂಬ ಪೆಂಡಾಎಲಿಯ ಕೂಗು ಬಂತು. "ಕರಿಬು, ಒಳಗೆ ಬಾ," ಎಂದಳು ಅಜ್ಜಿ. ಅನಾನ್ಸಿಯಾಳ ಗಂಡ ನಫ್ತಾಲಿ ಅಂಗಳದಲ್ಲಿ ಕೂತು ಗುದ್ದಲಿಗೆ ಕಾವು ಹಾಕುತ್ತಿದ್ದ. ಎಲಿನೀಮಾ ಗೋಡೆಗೊರಗಿ ಕಾಲು ಚಾಚಿ ಕೂತು ಕಾಳು ಬಿಡಿಸುತ್ತಿದ್ದಳು.

ಪೆಂಡಾಎಲಿ ಸುತ್ತಿ ಬಳಸಲಿಲ್ಲ. "ನಮ್ಮೂರ ಊಟೆಯ ನೀರನ್ನ ಪಟ್ಟಣಕ್ಕೆ ಪರೀಕ್ಷೆಗೆ ಕಳಿಸಿದ್ವಿ. ಫ್ಲೋರೈಡ್ ಅಂತ ಒಂದಿದೆ, ಉಪ್ಪಿನ ಹಾಗೆ ನೀರಲ್ಲಿ ಕರಗಿರುತ್ತೆ. ಲೀಟರಿಗೆ ಒಂದೂವರೆ ಮಿಲಿಗ್ರಾಂ ದಾಟಬಾರದು. ನಮ್ಮ ನೀರಲ್ಲಿ ಹನ್ನೆರಡು ಇದೆ. ಹಲ್ಲು ಕಂದಾಗೋದೂ ಅದರಿಂದ, ಮಕ್ಕಳ ಕಾಲು ಬಾಗೋದೂ ಅದರಿಂದ. ಶಾಪ ಅಲ್ಲ, ಯಾರ ಕಡೆಯಿಂದ ಬಂದ ರಕ್ತವೂ ಅಲ್ಲ."

ಅಜ್ಜಿ ಗೊಳ್ಳನೆ ನಕ್ಕಳು. "ಕೇಳ್ರಪ್ಪಾ! ನಮ್ಮ ನೀರು ಕನ್ನಡಿ ಥರ ಇದೆ. ತಳದ ಕಲ್ಲು ಎಣಿಸಬಹುದು. ಮೇಲಾಗಿ ನಾನು ಕಾಂಗಾ ಬಟ್ಟೆ ನಾಲ್ಕು ಮಡಿಕೆ ಮಾಡಿ ಸೋಸ್ತೀನಿ. ಎಲ್ಲಿದೆಯೇ ನಿನ್ನ ಫ್ಲೋರೈಡು? ತೋರಿಸು."

"ನೀವು ಚಹಾಕ್ಕೆ ಸಕ್ಕರೆ ಹಾಕ್ತೀರಲ್ಲ ಅಜ್ಜಿ, ಕರಗಿದ ಮೇಲೆ ಬಟ್ಟೇಲಿ ಸೋಸಿ ಸಕ್ಕರೆ ತೆಗೀರಿ ನೋಡೋಣ."

ಎಲಿನೀಮಾ ಕಾಳು ಬಿಡಿಸುವುದನ್ನು ನಿಲ್ಲಿಸಿ ಕೇಳಿದಳು. "ಅದು ಎಲ್ಲಿಗೆ ಹೋಗುತ್ತೆ ಅಕ್ಕಾ? ಕರಗಿದ್ದು?"

ಪೆಂಡಾಎಲಿ ಹುಡುಗಿಯ ಪಕ್ಕ ಕೂತು ನೆಲದ ಮೇಲೆ ಮೂರು ಕಾಳು ಇಟ್ಟಳು. ನಡುವೆ ಒಂದು ದಪ್ಪ ಕಾಳು, ಎರಡು ಬದಿಗೆ ಎರಡು ಸಣ್ಣವು. "ನೀರಂದ್ರೆ ಒಂದೇ ಮುದ್ದೆ ಅಲ್ಲ ಪುಟ್ಟಾ. ಕಣ್ಣಿಗೆ ಕಾಣದಷ್ಟು ಸಣ್ಣ ಅಣುಗಳ ರಾಶಿ. ಒಂದು ಹನೀಲಿರೋ ಅಣುಗಳನ್ನ ನಮ್ಮ ದೇಶದ ಮಂದಿಯೆಲ್ಲ ಕೂತು ಸಾಯೋವರೆಗೆ ಎಣಿಸಿದ್ರೂ ಮುಗಿಯಲ್ಲ. ಒಂದೊಂದು ಅಣೂನೂ ಹೀಗಿರುತ್ತೆ. ನಡುವೆ ಆಮ್ಲಜನಕ, ಪಕ್ಕಕ್ಕೆ ಎರಡು ಜಲಜನಕ. ನೆಟ್ಟಗಿರಲ್ಲ, ಸ್ವಲ್ಪ ಬಾಗಿರುತ್ತೆ."

"ನನ್ನ ಕಾಲಿನ ಹಾಗಾ?"

ನಫ್ತಾಲಿ ಗುದ್ದಲಿ ಕೆಳಗಿಟ್ಟ.

"ಹೂಂ. ಸ್ವಲ್ಪ ಹಾಗೇ," ಎಂದಳು ಪೆಂಡಾಎಲಿ ಮೆಲ್ಲಗೆ. "ಬಾಗಿರೋದ್ರಿಂದ ಅದರ ಎರಡು ಕಡೆಗೆ ಎರಡು ಥರದ ಸೆಳೆತ. ಯಾವ ಉಪ್ಪು ಸಿಕ್ಕರೂ ಅಣುಗಳೆಲ್ಲ ಮುತ್ತಿಕೊಂಡು ಒಂದೊಂದೇ ಚೂರನ್ನ ಎಳೆದುಕೊಳ್ತವೆ, ಸುತ್ತ ಕಟ್ಟಿಕೊಂಡು ನಿಲ್ತವೆ. ಅದಕ್ಕೇ ನಮಗೆ ಕಾಣಲ್ಲ. ನಮ್ಮ ಬೆಟ್ಟ ಹಿಂದೆ ಬೆಂಕಿ ಉಗುಳಿದ ಬೆಟ್ಟ. ಆ ಕಲ್ಲು ಬೂದಿಯೊಳಗೆ ಇಳಿದು ಬರುವಾಗ ನೀರು ಫ್ಲೋರೈಡನ್ನ ಹೀಗೇ ಎಳೆದುಕೊಂಡು ಬರುತ್ತೆ."

"ಅದಕ್ಕೇ ನಾನು ಕುದಿಸೋದು," ಎಂದಳು ಅನಾನ್ಸಿಯಾ. "ಕುದಿಸಿದ್ರೆ ಎಲ್ಲ ಸಾಯುತ್ತಲ್ಲ."

ಪೆಂಡಾಎಲಿ ಒಂದು ಸಣ್ಣ ಪಾತ್ರೆಯಲ್ಲಿ ನೀರು ಕೇಳಿದಳು, ಸ್ವಲ್ಪ ಅಡುಗೆ ಉಪ್ಪು ಹಾಕಿ ಕರಗಿಸಿ ಅಜ್ಜಿಗೆ ರುಚಿ ತೋರಿಸಿದಳು, ಒಲೆಯ ಮೇಲೆ ಸಣ್ಣ ಉರಿಯಲ್ಲಿಟ್ಟು ತಟ್ಟೆ ಮುಚ್ಚಿದಳು. ಸ್ವಲ್ಪ ಹೊತ್ತಾದ ಮೇಲೆ ತಟ್ಟೆ ಎತ್ತಿ, ಅದರಡಿ ಕಟ್ಟಿದ್ದ ಹನಿಗಳನ್ನು ಚಮಚಕ್ಕೆ ಇಳಿಸಿ ಆರಿಸಿದಳು.

"ಅಜ್ಜಿ, ನೀವೇ ನೋಡಿ."

ಎಲಿಶಿಲಿಯಾ ಅನುಮಾನದಿಂದ ನಾಲಿಗೆ ಚಾಚಿದಳು. "ಸಪ್ಪೆ."

"ಇನ್ನು ಪಾತ್ರೇಲಿ ಉಳಿದಿದ್ದು. ಆರಲಿ ತಾಳಿ."

ಅರ್ಧಕ್ಕಿಳಿದಿದ್ದ ನೀರು ಆರಿದ ಮೇಲೆ ಅಜ್ಜಿ ಬೆರಳದ್ದಿ ಬಾಯಿಗಿಟ್ಟವಳೇ ಥೂ ಎಂದು ಉಗಿದಳು. "ಕಹಿ ಹತ್ತಿಸಿಬಿಟ್ಯಲ್ಲೇ! ಮೊದಲಿಗಿಂತ ಜಾಸ್ತಿ ಉಪ್ಪು!"

"ಕಾವು ಹತ್ತಿದಾಗ ನೀರಿನ ಅಣುಗಳು ಬಿಡಿಸಿಕೊಂಡು ಹಬೆಯಾಗಿ ಹಾರಿಹೋಗ್ತವೆ. ಉಪ್ಪು ಹಾರಲ್ಲ. ಫ್ಲೋರೈಡೂ ಹಾರಲ್ಲ. ಭೇದಿ ತರೋ ಕ್ರಿಮಿಗೆ ಜೀವ ಇರುತ್ತೆ, ಕುದಿಸಿದ್ರೆ ಸಾಯುತ್ತೆ. ಇದಕ್ಕೆ ಜೀವಾನೇ ಇಲ್ಲ, ಸಾಯೋದೇನು? ನೀರು ಕಮ್ಮಿ ಆದಷ್ಟೂ ಅದು ಮಂದ ಆಗುತ್ತೆ."

ಅನಾನ್ಸಿಯಾ ಒಲೆಯ ಮೇಲಿನ ಗಡಿಗೆಯನ್ನೇ ನೋಡುತ್ತಿದ್ದಳು. "ಅರ್ಧಕ್ಕಿಳಿಸಿದ್ರೆ?"

"ಎರಡರಷ್ಟು."

"ಹನ್ನೊಂದು ವರ್ಷ," ಎಂದಳು ಅನಾನ್ಸಿಯಾ. ಅಷ್ಟೇ. ಕೂತಲ್ಲಿಯೇ ಮುಂದಕ್ಕೆ ಬಾಗಿ ಹಣೆಯನ್ನು ಮಂಡಿಗೆ ಒತ್ತಿಕೊಂಡಳು. ಅಳುವಿನ ಸದ್ದು ಬರಲಿಲ್ಲ, ಬೆನ್ನು ಮಾತ್ರ ಅಲುಗುತ್ತಿತ್ತು. ಪಕ್ಕದ ಮನೆಯ ಮಕ್ಕಳು ಊಟೆಯ ನೀರನ್ನು ಹಾಗೇ ಕುಡಿದು ಹಲ್ಲು ಕೆಡಿಸಿಕೊಂಡಿದ್ದರು. ಅವರ ಕಾಲು ನೆಟ್ಟಗಿದ್ದವು. ತನ್ನ ಮಗಳಿಗೆ ಮಾತ್ರ ಹೀಗೇಕೆ ಎಂದು ಎಷ್ಟೋ ವರ್ಷದಿಂದ ದೇವರನ್ನು ಕೇಳುತ್ತಿದ್ದಳು.

"ಅಕ್ಕಾ, ಇಲ್ಲಿ ಕೇಳಿ," ಎಂದು ಪೆಂಡಾಎಲಿ ಅವಳ ಭುಜ ಹಿಡಿದಳು. "ಕುದಿಸಿ ಕೊಟ್ಟಿದ್ದಕ್ಕೇ ಈ ಮಗು ಭೇದಿಗೆ ಸಿಗದೆ ಬದುಕಿದೆ. ಕುದಿಸಿ ಕುದಿಸಿ ಅಂತ ನಿಮಗೆ ಹೇಳಿದ್ದು ನಾವೇ. ಚೆನ್ನಾಗಿ ಕುದಿ ಬಂದ್ರೆ ಸಾಕು, ಇಳಿಸಿ ಅಂತ ಹೇಳಲಿಲ್ಲ. ಕುದಿಸಿದ್ರೂ ಹೋಗದ್ದು ಒಂದಿದೆ ಅಂತಲೂ ಹೇಳಲಿಲ್ಲ. ಆ ತಪ್ಪು ನಮ್ಮದು."

"ಹಾಗಾದ್ರೆ ನನ್ನ ಕಾಲು?" ಎಲಿನೀಮಾ ಕೇಳಿದಳು. "ಬೇರೆ ನೀರು ಕುಡಿದ್ರೆ ನೆಟ್ಟಗಾಗುತ್ತಾ?"

ಸುಳ್ಳು ಹೇಳುವುದು ಸುಲಭವಿತ್ತು. ಪೆಂಡಾಎಲಿ ಹೇಳಲಿಲ್ಲ. "ನೋವು ಕಮ್ಮಿ ಆಗಬಹುದು. ಇನ್ನೂ ಬಾಗೋದು ನಿಲ್ಲಬಹುದು. ಪೂರ್ತಿ ನೆಟ್ಟಗಾಗಲ್ಲ ಪುಟ್ಟಾ. ಹಲ್ಲಿನ ಬಣ್ಣವೂ ಹೋಗಲ್ಲ. ಪಟ್ಟಣದ ದೊಡ್ಡ ಆಸ್ಪತ್ರೇಲಿ ಮೂಳೆ ಡಾಕ್ಟರಿಗೆ ತೋರಿಸೋಣ, ನಾನೂ ಜೊತೆಗೆ ಬರ್ತೀನಿ."

ಎಲಿನೀಮಾ ತಲೆ ಆಡಿಸಿದಳು. ಮತ್ತೆ ಕಾಳು ಬಿಡಿಸತೊಡಗಿದಳು. ಒಂದೆರಡು ಕಾಳು ಬಿಡಿಸಿ, ತಲೆ ಎತ್ತದೆ ಹೇಳಿದಳು: "ತಮ್ಮನಿಗೆ ಆ ಗಡಿಗೆ ನೀರು ಕೊಡಬೇಡಮ್ಮ."

ನಫ್ತಾಲಿ ಎದ್ದು ಬಂದು ಗಡಿಗೆಯ ನೀರನ್ನು ಬಾಳೆಗಿಡದ ಬುಡಕ್ಕೆ ಚೆಲ್ಲಿದ. "ಏನು ಮಾಡಬೇಕು ಹೇಳು ಪೆಂಡಾಎಲಿ."

"ಮಳೆ ನೀರು ಹಿಡೀರಿ. ಮೋಡ ಆಗಿರೋದೂ ಹಬೆಯಿಂದಲೇ, ಫ್ಲೋರೈಡನ್ನ ಕೆಳಗೇ ಬಿಟ್ಟು ಹೋದ ನೀರದು. ಮೊದಲ ಮಳೇಲಿ ಮಾಡಿನ ಕೊಳೆ ತೊಳೆದು ಹೋಗಲಿ, ಆಮೇಲೆ ತಗಡಿನ ಅಂಚಿಗೆ ನೀರು ಇಳಿಯೋ ದೋಣಿ ಕಟ್ಟಿ ಮುಚ್ಚಳದ ಪೀಪಾಯಿಗೆ ತುಂಬಿಸಿ. ಕುಡಿಯೋ ಮುಂಚೆ ಒಂದು ಕುದಿ ಕುದಿಸಿ. ಮಳೆ ಇಲ್ಲದಾಗ ಮೂಳೆ ಇದ್ದಿಲಿನ ಬಕೆಟ್ಟು ಇದೆ. ದನದ ಮೂಳೆ ಸುಟ್ಟು ಕರಿ ಮಾಡಿ, ಪುಡಿ ಮಾಡಿ, ತೊಳೆದು ತುಂಬಿರ್ತಾರೆ. ನೀರು ಅದರೊಳಗಿಂದ ಇಳಿದು ಬಂದ್ರೆ ಫ್ಲೋರೈಡು ಮೂಳೇಲೇ ನಿಲ್ಲುತ್ತೆ."

"ಸತ್ತ ದನದ ಮೂಳೆ ನೀರು ಕುಡಿಯೋದಾ?" ಅಜ್ಜಿ ಮುಖ ಹಿಂಡಿದಳು. "ನನ್ನ ಕೈಲಾಗಲ್ಲಮ್ಮ."

"ಕ್ರಿಸ್‌ಮಸ್ಸಿಗೆ ಅದೇ ಮೂಳೆ ಸಾರು ಮಾಡಿ ಬೆರಳು ಚೀಪ್ತೀರಲ್ಲ, ಆಗ?"

"ಅದರಲ್ಲಿ ಮಾಂಸ ಇರುತ್ತೆ ಕಣೇ!"

ಯಾರಿಗೂ ನಗು ಬರಲಿಲ್ಲ. ಅನಾನ್ಸಿಯಾ ಮುಖ ಒರೆಸಿಕೊಂಡು ಕೇಳಿದಳು, "ಮೂಳೆ ಯಾಕೆ ಅದನ್ನ ಹಿಡಿಯುತ್ತೆ?"

"ಮೂಳೆ ಅದನ್ನ ಕಂಡರೆ ಬಿಡಲ್ಲ ಅಕ್ಕಾ. ಸತ್ತ ಮೂಳೆ ಹಿಡಿಯುತ್ತೆ, ಬದುಕಿರೋ ಮೂಳೆನೂ ಹಿಡಿಯುತ್ತೆ. ಬಕೆಟ್ಟಿನಲ್ಲಿ ದನದ ಮೂಳೆ ಇಲ್ಲದಿದ್ರೆ, ಆ ಕೆಲಸ ಮಗೂನ ಮೂಳೆ ಮಾಡುತ್ತೆ."

ಎಲಿಶಿಲಿಯಾ ಮೊಮ್ಮಗಳ ಕಾಲು ನೋಡಿದಳು. ಆಮೇಲೆ ಎದ್ದು ಒಳಗೆ ಹೋಗಿ ಒಂದು ಪೊಟ್ಟಣ ತಂದು ಪೆಂಡಾಎಲಿಯ ಮುಂದಿಟ್ಟಳು. ಕಾಳು ಬೇಗ ಬೇಯಲೆಂದು ಹಾಕುವ ಮಗದಿ, ಸವುಳು ಕೆರೆಯ ಸೋಡಾಕಲ್ಲು. "ಇದರಲ್ಲೂ ಇದೆಯಾ?"

"ಇದರಲ್ಲಿ ತುಂಬಾ ಇರುತ್ತೆ ಅಜ್ಜಿ. ಇದನ್ನ ಬಿಟ್ಟು ಕಾಳು ಹಿಂದಿನ ದಿನವೇ ನೆನೆಹಾಕಿ. ನೆನೆಯೋಕೂ ಬೇಯೋಕೂ ಒಳ್ಳೆ ನೀರೇ ಹಾಕಿ."

"ಐವತ್ತು ವರ್ಷದಿಂದ ಈ ಮನೇಲಿ ಕಾಳು ಬೇಯಿಸಿದ್ದು ನಾನು," ಎಂದಳು ಅಜ್ಜಿ. ಪೊಟ್ಟಣವನ್ನು ತಿಪ್ಪೆಗೆ ಎಸೆದು ಬಂದು ಸೊಸೆಯ ಪಕ್ಕ ಕೂತಳು. "ನಿಮ್ಮ ಕಡೆಯಿಂದ ಬಂತು ಅಂತಿದ್ದೆನಲ್ಲ ಮಗಳೇ. ತಪ್ಪಾಯ್ತು," ಎಂದು ಅವಳ ಕೈ ಹಿಡಿದಳು. ಅನಾನ್ಸಿಯಾ ಕೈ ಬಿಡಿಸಿಕೊಳ್ಳಲಿಲ್ಲ.

ಆ ವಾರವೇ ನಫ್ತಾಲಿ ಮಾಡಿಗೆ ದೋಣಿ ಕಟ್ಟಿದ. ಮೂಳೆ ಇದ್ದಿಲಿನ ಬಕೆಟ್ಟು ಬಂತು. ಇದ್ದಿಲು ಫ್ಲೋರೈಡಿನಿಂದ ತುಂಬಿಕೊಂಡ ಮೇಲೆ ಕೆಲಸ ಮಾಡುವುದಿಲ್ಲವಾದ್ದರಿಂದ, ಕೆಲವು ತಿಂಗಳಿಗೊಮ್ಮೆ ಇಳಿದ ನೀರನ್ನು ಪರೀಕ್ಷೆ ಮಾಡಿಸಿ ಇದ್ದಿಲು ಬದಲಿಸಬೇಕು. ಆ ಲೆಕ್ಕ ಇಡುವುದು ಎಲಿನೀಮಾಳ ಕೆಲಸವಾಯಿತು. ಅವಳು ಒಂದು ಸಲವೂ ಮರೆಯಲಿಲ್ಲ. ಪಟ್ಟಣದ ಡಾಕ್ಟರು ಒಂದು ಕಾಲಿಗೆ ಶಸ್ತ್ರಚಿಕಿತ್ಸೆ ಮಾಡಿದರು, ಇನ್ನೊಂದು ಹಾಗೇ ಉಳಿಯಿತು. ಅವಳು ಕೋಲೂರಿ ಶಾಲೆಗೆ ಹೋದಳು, ಎರಡು ವರ್ಷ ತಡವಾಗಿ, ತನಗಿಂತ ಚಿಕ್ಕವರ ಜೊತೆ.

ತುಮ್ಸಿಫುವಿಗೆ ಏಳು ತುಂಬುವಾಗ ಹಾಲುಹಲ್ಲು ಬಿದ್ದು ಹೊಸ ಹಲ್ಲು ಬಂದವು. ಒಂದು ಬೆಳಿಗ್ಗೆ ಅವನು ಬಾಯಿ ಅಗಲಿಸಿ ಅಮ್ಮನ ಮುಂದೆ ನಿಂತ. ಬೆಳ್ಳಗಿನ ಎರಡು ಹಲ್ಲು. ಅನಾನ್ಸಿಯಾ ಅವನನ್ನು ಎಳೆದು ಅಪ್ಪಿಕೊಂಡಳು. ಅಂಗಳದಾಚೆ ಕೋಲೂರಿಕೊಂಡು ಇಳಿಜಾರು ಇಳಿಯುತ್ತಿದ್ದ ಮಗಳು ಕಂಡಳು. ತಮ್ಮನ ಹಲ್ಲು ತೋರಿಸಲು ಅವಳನ್ನು ಕರೆಯಬೇಕೆನಿಸಿತು, ಆ ಬಾಗಿದ ಕಾಲು ಕಂಡು ಕರೆಯಲಿಲ್ಲ.

ಈ ಕಥೆ ಕೇಳಿದ ತಾಯಂದಿರೇ, ಅಣ್ಣಂದಿರೇ, ನಿಮ್ಮ ಮನೆಯ ನೀರು ಎಲ್ಲಿಂದ ಬರುತ್ತದೆ? ಕೊಳವೆಬಾವಿಯೇ, ಊಟೆಯೇ? ಅದು ತಿಳಿಯಾಗಿದೆ, ರುಚಿಯಾಗಿದೆ ಎಂದು ಸುಮ್ಮನಿರಬೇಡಿ. ನೀರು ತಾನು ಹಾದು ಬಂದ ಕಲ್ಲಿನದನ್ನು ಕರಗಿಸಿ ತರುತ್ತದೆ, ಕರಗಿದ್ದು ಕಣ್ಣಿಗೆ ಕಾಣದು. ಕುದಿಸುವುದನ್ನು ಬಿಡಬೇಡಿ, ಚೆನ್ನಾಗಿ ಕುದಿ ಬಂದ ಮೇಲೆ ಇಳಿಸಿ, ಅದು ಕ್ರಿಮಿಗಳಿಗೆ. ಫ್ಲೋರೈಡಿಗೆ ಕುದಿಸುವುದು ಮದ್ದಲ್ಲ. ಒಂದು ಶುದ್ಧ ಬಾಟಲಿಯಲ್ಲಿ ನೀರು ತುಂಬಿ ಹತ್ತಿರದ ಆರೋಗ್ಯ ಕೇಂದ್ರದವರನ್ನು ಕೇಳಿ, ಪರೀಕ್ಷೆಗೆ ಕಳಿಸಿ. ನಿಮ್ಮ ಮಗು ಇನ್ನೂ ಚಿಕ್ಕದಿರುವಾಗ ಕಳಿಸಿ. ಬಾಗಿದ ಮೂಳೆಗೆ ಆಮೇಲೆ ಎಷ್ಟು ಒಳ್ಳೆಯ ನೀರು ಕೊಟ್ಟರೂ ತಡವೇ.