ಗೆರೆ ತಪ್ಪಿದ ಚುಕ್ಕಿಗಳು

ಹಾರದ ಗಂಟು ಬಿಡಿಸಿ, ಚಟ್ಟದ ಮೇಲೆ ಮಲಗಿಸಿದ್ದ ಕಾಂತರಾಜು ಮೇಷ್ಟ್ರ ಕೊರಳಿಗೆ ಹಾಕುವಾಗ ತೇಜಶ್ರೀ ಅವರ ಕೈಗಳತ್ತ ನೋಡಲಿಲ್ಲ.

"ಈಯಮ್ಮ ಯಾರು?" ಹಳ್ಳಿಮೈಸೂರಿನ ಮೇಷ್ಟ್ರ ಮನೆಯಂಗಳದಲ್ಲಿ ಯಾರೋ ಕೇಳಿದರು.

"ಭಾವನ ಜತೇಲಿ ರಿಸರ್ಚ್ ಮಾಡ್ತಿದ್ದ ಉಡುಗಿ ಕಣಯ್ಯ," ಎಂದ ಮೇಷ್ಟ್ರ ಭಾಮೈದ ನಟರಾಜ. "ಸ್ಪಿರಿಟ್‌ಗೆ ನೀರು ಬೆರೆಸಿ ಅಳೀತಿದ್ರು ಇಬ್ರೂವೆ. ನಾವು ಬೆರೆಸುದ್ರೆ ಕುಡುಕ್ರು, ನಮ್ ಭಾವ ಬೆರೆಸುದ್ರೆ ಸಂಶೋಧ್ನೆ!"

ನಗು ಎದ್ದು ತಾನೇ ಅಡಗಿತು. ತಲೆಯ ಬಳಿ ಕೂತಿದ್ದ ಮೇಷ್ಟ್ರ ಹೆಂಡತಿ ಅನಸೂಯಮ್ಮ ಸೆರಗಿನಿಂದ ಕಣ್ಣೊರೆಸಿಕೊಂಡರು.

"ಆ ಕೆಲ್ಸ ಬುಟ್ಮೇಲೆ ಮನುಷ್ಯ ಮೊದ್ಲಂಗೆ ಇರ್ನಿಲ್ಲ. 'ನನ್ ಕೈ ನಡುಗ್ತದೆ ಕಣೇ' ಅಂದ್ಕಂಡು ಸ್ಕೂಟ್ರು ಮಾರುದ್ರು. ಮೊಮ್ಮಗಳು ಪ್ರೇಕ್ಷಾ ಕೈ ಚಾಚುದ್ರೂ ಎತ್ಕಳ್ನಿಲ್ಲ, ಬೀಳಿಸ್ಬುಟ್ಟೇನು ಅಂತ. ನಡುಗಿದ್ದ ನಾನೊಂದಿನಾನೂ ಕಾಣೆ!"

\*

ಸ್ಪಿರಿಟ್ಟಿಗೆ ನೀರು ಬೆರೆಸಿದರೆ ಎರಡೂ ಒಂದರೊಳಗೊಂದು ಸೇರಿಕೊಂಡು ಒಟ್ಟು ಗಾತ್ರ ಕೊಂಚ ಕುಗ್ಗುತ್ತದೆ. ಎಷ್ಟೆಷ್ಟು ಬೆರೆಸಿದರೆ ಎಷ್ಟು ಕುಗ್ಗೀತೆಂದು ಮೇಷ್ಟ್ರು ಅಳೆಯಬೇಕು; ಅದು ಲೆಕ್ಕದ ಗೆರೆಗೆ ಹೊಂದುತ್ತದೆಯೇ ಎಂದು ತೇಜಶ್ರೀ ಕಂಪ್ಯೂಟರಿನಲ್ಲಿ ನೋಡಬೇಕು. ಹೋದ ವರ್ಷ, ಹಾಸನದ ಲ್ಯಾಬಿನಲ್ಲಿ, ಅವರ ಅಳತೆಯ ಚುಕ್ಕಿಗಳು ಗೆರೆಯ ಹತ್ತಿರವೂ ಸುಳಿಯಲಿಲ್ಲ.

"ಇನ್ನೊಂದ್ಸಲ ಅಳೀಲೇನಮ್ಮಾ?"

ಮತ್ತೆ ಮತ್ತೆ ಅಳೆದರೂ ಹಾಗೇ ಆದಾಗ, ಯಾರೆದುರೂ ತಲೆ ಎತ್ತಿ ಮಾತನಾಡದ ಹುಡುಗಿ ಆಡಿಬಿಟ್ಟಿದ್ದಳು: "ಸೀಸೆ ತುಂಬೋವಾಗ ನಿಮ್ ಕೈ ನಡುಗ್ತಿರ್ಬೇಕು ಸಾರ್."

ಮೇಷ್ಟ್ರು ಕೈಯನ್ನು ಕಿಟಕಿಯ ಬೆಳಕಿಗೆ ಹಿಡಿದು ನೋಡಿಕೊಂಡರು. "ವಯಸ್ಸಾಯ್ತಲ್ಲಮ್ಮ," ಎಂದರು. ಆಮೇಲೆ ಲ್ಯಾಬಿಗೆ ಬರಲೇ ಇಲ್ಲ.

ಮೊನ್ನೆ ಹಳೆಯ ಫೈಲು ತೆರೆದಾಗ ಕಂಡಿತು. ನೀರಿನ ಪಾಲು ಇರಬೇಕಾದ ಕಡೆ ಅವಳು ಸ್ಪಿರಿಟ್ಟಿನ ಪಾಲು ಟೈಪ್ ಮಾಡಿದ್ದಳು. ಅದಲುಬದಲು ಮಾಡಿದ್ದೇ ತಡ, ಮೇಷ್ಟ್ರ ಚುಕ್ಕಿಗಳೆಲ್ಲ ಗೆರೆಯ ಮೇಲೆ ಬಂದು ಕೂತವು. ಫೋನು ಎತ್ತಿಕೊಂಡವಳು ಕೆಳಗಿಟ್ಟಳು. ಭಾನುವಾರ ಎದುರಿಗೇ ಹೋಗಿ ಹೇಳಿದರಾಯಿತು ಎಂದುಕೊಂಡಳು. ಶುಕ್ರವಾರವೇ ಮೇಷ್ಟ್ರು ಎದೆನೋವು ಬಂದು ತೀರಿಕೊಂಡರು.

\*

"ಅಮ್ಮಾ, ಸಾರ್ ಕೈ ನಡುಗ್ತಿರ್ಲಿಲ್ಲ." ತೇಜಶ್ರೀ ಅನಸೂಯಮ್ಮನ ಬಳಿ ಹೋದಳು. "ತಪ್ಪು ನಂದು. ನಾನೇ ತಲೆಕೆಳಗು ಬರ್ಕೊಂಡು ಅವರನ್ನ ಅಂದ್ಬಿಟ್ಟೆ. ಅವರು ಅಳೆದಿದ್ದೆಲ್ಲ ಸರಿಯಾಗೇ ಇತ್ತು."

ಅನಸೂಯಮ್ಮ ಅವಳತ್ತ ತಿರುಗಿದರು. ಬೈಯಲಿಲ್ಲ.

"ನನ್ಗ್ಯಾಕವ್ವ ಏಳ್ತೀಯ? ನಂಗೊತ್ತಿತ್ತು. ಅವರಿಗೇಳು."

"ಒತ್ತಾಯ್ತು, ಎತ್ರಪ್ಪ," ಎಂದ ನಟರಾಜ. ಅನಸೂಯಮ್ಮ ಕೈ ಅಡ್ಡ ಹಿಡಿದರು.

"ತಡ್ಕಳಪ್ಪ. ಈ ಮಗೀಗೆ ಒಂದ್ ಮಾತೈತಂತೆ."

ಹೆಗಲು ಕೊಡಲು ಬಂದವರು ಹಿಂದೆ ಸರಿದರು. ತೇಜಶ್ರೀ ಚಟ್ಟದ ಪಕ್ಕ ಮಂಡಿಯೂರಿ, ಮೇಷ್ಟ್ರ ಕಿವಿಯ ಹತ್ತಿರ ಬಾಗಿದಳು. ಕಿವಿಯೊಳಗೆ ಬಿಳಿಯ ಹತ್ತಿ ಒತ್ತಿಟ್ಟಿದ್ದರು.