ಹದಿನೇಳನ್ನು ದಾಟದವನು

ಹೆಸರು ಹಿಡಿದು ಕರೆಯುವ ಸೌಜನ್ಯ ನಮ್ಮ ಗೆಳೆಯ ಹಾಜರಿಗೆ ಎಂದೂ ಇರಲಿಲ್ಲ. ಎಪ್ಪತ್ತಾರರ ಈ ವಯಸ್ಸಿನಲ್ಲೂ ಅವನ ಪಾಲಿಗೆ ನಾವೆಲ್ಲ ಕಾಲೇಜಿನ ಕ್ರಮಸಂಖ್ಯೆಗಳೇ. ನಾನು ಇಪ್ಪತ್ತಮೂರು. ಒಮ್ಮೆ ಆಸ್ಪತ್ರೆಯ ಪಡಸಾಲೆಯಲ್ಲಿ, ಮಗಳು ಅಳಿಯಂದಿರು ಗಂಭೀರವಾಗಿ ನನ್ನ ಸುತ್ತ ನಿಂತಿರುವಾಗ, "ಏ ಇಪ್ಪತ್ತಮೂರು, ಕಿಡ್ನಿ ಕಲ್ಲು ತೆಗೆದ್ರೇನೋ?" ಎಂದು ದೂರದಿಂದಲೇ ಕೂಗಿ ನನ್ನ ಮಾನ ಹರಾಜು ಹಾಕಿದ್ದ.

ಪದವಿಯ ಕೊನೆಯ ವರ್ಷ ಅಧ್ಯಾಪಕರ ಪರವಾಗಿ ಹಾಜರಿ ಕೂಗುವ ಕೆಲಸ ಅವನ ಪಾಲಿಗೆ ಬಂತು. ಆ ಹೆಸರೇ ಅಂಟಿಕೊಂಡಿತು. ಮುಂದೆ ಭೂಮಾಪಕನಾಗಿ ಮೂವತ್ತೈದು ವರ್ಷ ಊರೂರು ಅಳೆದ. ಇಂದಿಗೂ ಹೆಜ್ಜೆಯಿಂದ ಹೆಜ್ಜೆಗೆ ಒಂದೇ ಅಂತರವಿಟ್ಟು, ದಾರಿಯಲ್ಲಿ ಕೊಚ್ಚೆ ಬಂದರೂ ಬಳಸದೆ, ನೆಟ್ಟಗೆ ನಡೆಯುತ್ತಾನೆ. ಮೊಣಕೈ ಸವೆದ ಕಂದು ಕೋಟಿನ ಒಳಜೇಬಿನಲ್ಲಿ ನಮ್ಮ ಮೂವತ್ತನಾಲ್ಕು ಮಂದಿಯ ಪಟ್ಟಿ. ಭಾನುವಾರ ಬೆಳಿಗ್ಗೆ ಒಂಬತ್ತಕ್ಕೆ, ಒಂದನೆಯ ಸಂಖ್ಯೆಯಿಂದ ಶುರುಮಾಡಿ, ಎಲ್ಲರಿಗೂ ಫೋನು. "ಇದ್ದೀಯಾ?" ಎನ್ನುತ್ತಾನೆ. "ಇದ್ದೀನಿ" ಎನ್ನಬೇಕು. ಆಮೇಲೆ ಮಂಡಿನೋವು, ಮೊಮ್ಮಕ್ಕಳು, ಜಗತ್ತಿನ ಅಧೋಗತಿ, ಯಾವುದನ್ನು ಬೇಕಾದರೂ ಎರಡು ನಿಮಿಷ ಹೇಳಿಕೊಳ್ಳಬಹುದು. ತೀರಿಕೊಂಡವರ ಸಂಖ್ಯೆ ಬಂದಾಗ ಅದರ ಮೇಲೆ ಒಮ್ಮೆ ಬೆರಳಾಡಿಸಿ ಮುಂದಕ್ಕೆ ಹೋಗುತ್ತಾನೆಂದು ಅವನ ಹೆಂಡತಿ ಹೇಳಿದ್ದಾರೆ.

ಕಳೆದ ವರ್ಷ ಹದಿನೇಳರ ಹೆಂಡತಿ ತೀರಿಕೊಂಡರು. ಔಷಧದಂಗಡಿಯನ್ನು ಮಗನಿಗೆ ಬಿಟ್ಟುಕೊಟ್ಟು ಮನೆಯಲ್ಲಿದ್ದ ಆತ ಫೋನೆತ್ತುವುದನ್ನೇ ನಿಲ್ಲಿಸಿದ. ಪಾಪ, ನೊಂದ ಜೀವ, ತೊಂದರೆ ಕೊಡುವುದು ಬೇಡವೆಂದು ನಾವೆಲ್ಲ ಸಭ್ಯರಾಗಿ ದೂರ ಉಳಿದೆವು. ಹಾಜರಿ ಮಾತ್ರ ಹದಿನೇಳರಲ್ಲೇ ನಿಂತುಬಿಟ್ಟ. ಹದಿನೇಳು ಓಗೊಡದೆ ಹದಿನೆಂಟನ್ನು ಕರೆಯಲಾರ! ಒಂದು ಭಾನುವಾರ ಹೋಯಿತು, ಎರಡು, ಮೂರು. ಪಟ್ಟಿಯಲ್ಲಿ ಹದಿನೇಳರ ಕೆಳಗೆ ಬದುಕುಳಿದಿದ್ದ ಹನ್ನೊಂದು ಮಂದಿಗೆ ಫೋನೇ ಇಲ್ಲ. ಮೊದಮೊದಲು ನಕ್ಕೆ. ಮೂರನೆಯ ವಾರ ಫೋನಿನ ಸುತ್ತಲೇ ಸುಳಿದಾಡುತ್ತಿದ್ದ ನನ್ನನ್ನು ಕಂಡು ನನಗೇ ನಾಚಿಕೆಯಾಗಿ, ನಾನೇ ಹಾಜರಿಗೆ ಫೋನು ಮಾಡಿ ಜಗಳ ತೆಗೆದೆ.

"ಅವನನ್ನ ಬಿಟ್ಟು ಮುಂದಕ್ಕೆ ಹೋಗೋ, ಮೊಂಡ!"

"ಹೋದವರನ್ನ ಮಾತ್ರ ದಾಟ್ತೀನಿ. ಅವನು ಹೋಗಿಲ್ವಲ್ಲ," ಎಂದ.

ನನಗಿಂತ ಹೆಚ್ಚು ತಾಳ್ಮೆಗೆಟ್ಟವಳು ಹದಿನೆಂಟು, ನಿವೃತ್ತ ಮುಖ್ಯೋಪಾಧ್ಯಾಯಿನಿ. ಮುಂದಿನ ಭಾನುವಾರ ನನ್ನನ್ನೂ ಎಳೆದುಕೊಂಡು ಹದಿನೇಳರ ಮನೆಗೆ ನುಗ್ಗಿದಳು. ಅವನ ಗಡ್ಡ ಬೆಳೆದಿತ್ತು. ವಾರದ ಪತ್ರಿಕೆಗಳು ಮಡಿಕೆ ಬಿಚ್ಚದೆ ಬಿದ್ದಿದ್ದವು.

"ನನ್ನ ಪಾಡಿಗೆ ಬಿಟ್ಟುಬಿಡಿ. ನಾನಿದ್ರೆಷ್ಟು, ಬಿಟ್ರೆಷ್ಟು?" ಎಂದ.

"ಇದ್ರೆಷ್ಟು ಅಂತ ಕೇಳ್ತೀಯಲ್ಲ!" ಇಡೀ ಶಾಲೆಗೆ ಕೇಳಿಸುವ ದನಿಯಲ್ಲಿ ಅವಳು ಗದರಿದಳು. "ನಿನ್ನೊಬ್ಬನಿಂದ ಹನ್ನೊಂದು ಜನ ತಿಂಗಳಿಂದ ಕಾಯ್ತಾ ಕೂತಿದ್ದೀವಿ, ಗೊತ್ತಾ?"

ಅವನಿಗೆ ಗೊತ್ತಿರಲಿಲ್ಲ. ನಮ್ಮಿಬ್ಬರ ಮುಖವನ್ನೂ ಮಿಕಮಿಕ ನೋಡಿದ. ಅಷ್ಟರಲ್ಲಿ ಫೋನು ಬಡಿದುಕೊಂಡಿತು. ಐದಾರು ಸಲ ಬಡಿದುಕೊಂಡ ಮೇಲೆ ಎತ್ತಿ, ಗಂಟಲು ಸರಿಮಾಡಿಕೊಂಡು, "ಇದ್ದೀನಿ ಕಣೋ" ಎಂದ, ಅತ್ತುಬಿಟ್ಟ. ಅಂದು ಹಾಜರಿ ಎರಡು ನಿಮಿಷದ ನಿಯಮ ಮರೆತು ಅರ್ಧಗಂಟೆ ಕೇಳಿಸಿಕೊಂಡ.

ಆಮೇಲೆ ಹತ್ತು ನಿಮಿಷ ಕಳೆದರೂ ನನ್ನ ಮೊಬೈಲು ಸದ್ದು ಮಾಡಲಿಲ್ಲ. ಹದಿನೆಂಟರ ಮನೆಯಲ್ಲಿ ಫೋನು ಒಂದೇ ಸಮನೆ ಬಡಿದುಕೊಳ್ಳುತ್ತಿದ್ದೀತು, ಎತ್ತಬೇಕಾದವಳು ನಮ್ಮ ಪಕ್ಕದಲ್ಲಿ ಕುಳಿತಿದ್ದಾಳೆ ಎಂಬುದು ಹೊಳೆದದ್ದು ಆಗಲೇ. ಕೊನೆಗೆ ಹದಿನೇಳೇ ಫೋನು ತಿರುಗಿಸಿ, "ಅವಳು ಇಲ್ಲೇ ಇದ್ದಾಳೆ, ಮುಂದಕ್ಕೆ ಹೋಗಪ್ಪಾ ಪುಣ್ಯಾತ್ಮ!" ಎಂದ. ಹೆಂಡತಿ ಹೋದ ಮೇಲೆ ಅವನು ನಕ್ಕದ್ದು ಅದೇ ಮೊದಲು.

ವಯಸ್ಸಾದವರ ಸುತ್ತ ಸಭ್ಯರಿಗೇನೂ ಕೊರತೆಯಿಲ್ಲ. "ನೀವು ಆರಾಮಾಗಿರಿ, ನಾವು ನೋಡ್ಕೋತೀವಿ" ಎಂದು ಪ್ರೀತಿಯಿಂದಲೇ ನಮ್ಮನ್ನು ದಾಟಿ ಹೋಗುತ್ತಾರೆ. ನಾವಿಲ್ಲದೆಯೂ ಎಲ್ಲ ಸರಾಗವಾಗಿ ನಡೆಯುತ್ತದೆಂಬುದನ್ನು ಬಹು ನಯವಾಗಿ ತಿಳಿಸುತ್ತಾರೆ. ಹಾಜರಿಯಂಥ ಮೊಂಡರಿಗೆ ಆ ನಯ ಬಾರದು. ನಾವು ಓಗೊಡುವತನಕ ಇಡೀ ಸಾಲನ್ನೇ ನಿಲ್ಲಿಸಿಕೊಂಡು ಅವರು ಕಾಯುತ್ತಾರೆ. ಎಪ್ಪತ್ತು ದಾಟಿದ ಮನುಷ್ಯನಿಗೆ ಇದಕ್ಕಿಂತ ದೊಡ್ಡ ಮರ್ಯಾದೆಯನ್ನು ಯಾರೂ ಮಾಡಲಾರರು.