ಮೂರು ಕೋಟು ಕೆಂಪು

ಹಾರವನ್ನು ಹೆಣದ ಕಾಲ ಬಳಿ ಇಡಲು ಬಗ್ಗಿದ ಹಲ್ಲಿನ ಡಾಕ್ಟರು ಅರ್ಧಕ್ಕೇ ನಿಂತುಬಿಟ್ಟರು. ಅವರ ಕಣ್ಣು ಹೆಣದ ಮೇಲಿರಲಿಲ್ಲ. ತಲೆಯ ಕಡೆ ಕುರ್ಚಿಗೆ ಒರಗಿಸಿಟ್ಟಿದ್ದ ಬೇಸ್ ಗಿಟಾರಿನ ಮೇಲಿತ್ತು. ಅದು ಕಾರಿನ ಬಾನೆಟ್ಟಿನ ಹಾಗೆ ಕೆಂಪಗೆ ಹೊಳೆಯುತ್ತಿತ್ತು. ಕಿಟಕಿಯ ಸರಳುಗಳು, ಕೂತವರ ಮೊಣಕಾಲುಗಳು, ಡಾಕ್ಟರ ಕೈಯ ಹಾರ ಎಲ್ಲವೂ ಅದರೊಳಗೆ ಸೊಟ್ಟಗೆ ಕಾಣುತ್ತಿದ್ದವು.

“ಅಯ್ಯೋ, ಕೊಂದೇಬಿಟ್ರಲ್ಲ!” ಎಂದರು ಡಾಕ್ಟರು. “ಯಾರು ಮಾಡಿದ್ದು ಈ ಕೆಲಸ?”

ಪಕ್ಕದ ಮನೆಯಾಕೆ ಅಳು ನಿಲ್ಲಿಸಿ, “ಆಸ್ಪತ್ರೆಯವರಂತಾ?” ಎಂದು ಪಿಸುಗುಟ್ಟಿದಳು.

ಹಿಂದೆ ನಿಂತಿದ್ದ ಮೈಕ್‌ಸೆಟ್ಟಿನವನು ಡಾಕ್ಟರ ತೋಳು ಜಗ್ಗಿದ. “ಸಾರ್, ಮೊದಲು ಹಾರ ಹಾಕಿ. ಜನ ನೋಡ್ತಿದಾರೆ.”

ಹಾರ ಪಕ್ಕಕ್ಕೆ ಬಿತ್ತು. ಸತ್ತವನ ಹೆಂಡತಿ ಎದ್ದು ಬಂದು ಅದನ್ನೆತ್ತಿ ಸರಿಯಾಗಿಟ್ಟಳು. ಅವಳಿಗೆ ಇವರದು ಮುಖಪರಿಚಯ ಅಷ್ಟೆ. ಇವರಿಬ್ಬರು, ಮತ್ತೆ ಇನ್ನೂ ಬಾಗಿಲಲ್ಲೇ ಚಪ್ಪಲಿ ಬಿಡುತ್ತಿದ್ದ ರೇಡಿಯೋ ರಿಪೇರಿಯ ಮುದುಕರು. ಆ ಮುದುಕರ ಅಂಗಡಿಯ ಹಿಂದಿನ ಕೋಣೆಯಲ್ಲಿ ಭಾನುವಾರದ ಸಭೆ ಸೇರುತ್ತಿತ್ತು. ಅವಳ ಗಂಡ ವಾರವಿಡೀ ಕನ್ನಡಕದ ಅಂಗಡಿಯಲ್ಲಿ ಗಾಜು ಉಜ್ಜಿ, ಭಾನುವಾರ ಆ ಕೋಣೆಗೆ ಹೋಗಿ, ಹಳೆ ಬೇಸ್ ಮೇಲೋ ಹೊಸ ಬೇಸ್ ಮೇಲೋ ಎಂದು ವಾದ ಮಾಡಿ ಬರುತ್ತಿದ್ದ. ಮದುವೆಯಾದಾಗಿನಿಂದ ಒಂದು ಭಾನುವಾರವೂ ಮನೆಯಲ್ಲಿ ಕೂತವನಲ್ಲ. ಅಂಥ ಗೆಳೆಯರು, ಅವನು ಹಾಸಿಗೆ ಹಿಡಿದ ಕೊನೆಯ ಎರಡು ತಿಂಗಳು ಒಬ್ಬರೂ ಇತ್ತ ತಲೆಹಾಕಿರಲಿಲ್ಲ. ಇವತ್ತು ಬಂದಿದ್ದಾರೆ, ಹಾರ ಹಿಡಿದುಕೊಂಡು.

“ಅತ್ತಿಗೆ, ತಪ್ಪು ತಿಳೀಬೇಡಿ,” ಎಂದರು ಡಾಕ್ಟರು. “ಇದು ನಮ್ಮ ಮುದುಕೀನೇ ತಾನೆ?”

“ಮುದುಕಿ ಅಂತ ಯಾರಿಗ್ರೀ ಅಂತೀರ?” ಹೆಂಡತಿಯ ತಂಗಿ ಸಿಡಿದಳು.

“ಗಿಟಾರಿಗಮ್ಮ, ಗಿಟಾರಿಗೆ. ನಾವು ಅದನ್ನ ಕರೆಯೋದೇ ಹಾಗೆ. ಇವನನ್ನ ಮುದುಕಿ ಗಂಡ ಅಂತಿದ್ವಿ.”

ಹೆಂಡತಿಗೆ ಇದು ಹೊಸದು. ಗಂಡನಿಗೆ ಮನೆಯ ಹೊರಗೆ ಒಂದು ಅಡ್ಡಹೆಸರಿತ್ತು ಎಂಬುದೇ ಅವಳಿಗೆ ಗೊತ್ತಿರಲಿಲ್ಲ.

ಅಷ್ಟರಲ್ಲಿ ಅವಳ ತಂಗಿಯ ಗಂಡ ಜನರ ನಡುವಿನಿಂದ ದಾರಿ ಮಾಡಿಕೊಂಡು ಬಂದ. ಅವನದು ಕಾರುಗಳಿಗೆ ಬಣ್ಣ ಹೊಡೆಯುವ ಗ್ಯಾರೇಜು. ಸಾವಿನ ಮನೆಯಲ್ಲಿ ನಗಬಾರದೆಂದು ತುಟಿ ಬಿಗಿಹಿಡಿದಿದ್ದ; ಹೆಮ್ಮೆ ಕಣ್ಣಲ್ಲಿ ಇಣುಕುತ್ತಿತ್ತು.

“ನಾನೇ ಸಾರ್ ಮಾಡಿದ್ದು. ಪ್ರೈಮರ್ ಕೊಟ್ಟು, ಮೇಲೆ ಮೂರು ಕೋಟು ಕೆಂಪು, ಅದರ ಮೇಲೆ ಪಾಲಿಶ್. ಬಿಸಿಲಲ್ಲಿ ನಿಲ್ಲಿಸಿದ್ರೂ ಮಾಸಲ್ಲ. ಮೊದಲು ಹೇಗಿತ್ತು ನೋಡಿದ್ರಲ್ಲ? ಕಜ್ಜಿ ನಾಯಿ ಥರ.”

“ಆ ಕಜ್ಜಿಗೇ ಕಣಯ್ಯ ಜನ ಪ್ರಾಣ ಬಿಡೋದು!” ಎಂದರು ಡಾಕ್ಟರು. “ಅದು ಕಾರ್ಖಾನೇಲಿ ಹೊಡೆದ ಮೊದಲನೇ ಬಣ್ಣ. ನಾನು ಹುಟ್ಟೋಕೆ ಮುಂಚಿಂದು. ನನಗೆ ಕೊಡು ಕೊಡು ಅಂತ ಎಷ್ಟು ಸಲ ಕೇಳಿದ್ದೆ. ಒಂದು ಗೀರೂ ಅಳಿಯಬಾರದು ಅಂತ ಅವನು ಬಟ್ಟೆ ಹಾಕಿ ಒರೆಸ್ತಾನೂ ಇರಲಿಲ್ಲ. ಇದನ್ನ ನೋಡಿ ಅವನೇನಂದ?”

ಎಲ್ಲರೂ ಹೆಂಡತಿಯತ್ತ ನೋಡಿದರು.

“ಚೆನ್ನಾಗಿದೆ ಅಂದ್ರು,” ಎಂದಳು ಅವಳು.

* * *

ಅವನನ್ನು ಆಸ್ಪತ್ರೆಗೆ ಸೇರಿಸಿದಾಗ ಮನೆಯಲ್ಲಿ ಅವಳೊಬ್ಬಳೇ ಉಳಿದಿದ್ದಳು. ಅವನು ವಾಪಸು ಬರುವುದರೊಳಗೆ ಅವನಿಗೆ ಇಷ್ಟವಾಗುವಂಥದ್ದು ಏನಾದರೂ ಮಾಡಬೇಕೆನಿಸಿತು. ಏನು ಇಷ್ಟ ಎಂಬುದೇ ಕಷ್ಟದ ಪ್ರಶ್ನೆ. ಊಟದಲ್ಲಿ ಉಪ್ಪು ಹೆಚ್ಚಾದರೂ ಉಣ್ಣುತ್ತಿದ್ದ, ಇಲ್ಲದಿದ್ದರೂ ಉಣ್ಣುತ್ತಿದ್ದ. ಹೊಸ ಬಟ್ಟೆ ಉಟ್ಟು ಹೇಗಿದೆ ಎಂದರೆ “ಹ್ಞೂಂ.” ಕೂದಲು ಕತ್ತರಿಸಿಕೊಂಡು ಬಂದರೆ ಅದೂ ಇಲ್ಲ. ಬೈದವನಲ್ಲ, ಹೊಗಳಿದವನೂ ಅಲ್ಲ. “ನಿನ್ನ ಗಂಡ ಬಂಗಾರ ಕಣೇ, ಬಾಯೇ ಇಲ್ಲ” ಎಂದು ತಂಗಿ ಹೊಟ್ಟೆಯುರಿದುಕೊಂಡಾಗಲೆಲ್ಲ, ಬಂಗಾರ ಮುಟ್ಟಿದರೆ ಎಷ್ಟು ತಣ್ಣಗಿರುತ್ತದೆ ಗೊತ್ತಾ ಎಂದು ಕೇಳಬೇಕೆನಿಸುತ್ತಿತ್ತು ಇವಳಿಗೆ.

ಅವನು ಮನಸ್ಸಿಟ್ಟು ಮುಟ್ಟುತ್ತಿದ್ದದ್ದು ಆ ದಪ್ಪ ಗಿಟಾರನ್ನು ಮಾತ್ರ. ಅದರ ಸ್ಥಿತಿ ನೋಡಿದರೆ ಅಯ್ಯೋ ಪಾಪ ಎನಿಸುತ್ತಿತ್ತು. ಬಲಗೈ ಊರುವ ಕಡೆ ಬಣ್ಣ ಹೋಗಿ ಮರ ಎಣ್ಣೆಗಪ್ಪಾಗಿತ್ತು. ಅಂಚುಗಳಲ್ಲಿ ಬಣ್ಣ ಹಕ್ಕಳೆ ಎದ್ದಿತ್ತು. ತಂತಿಗಳು ತುಕ್ಕು ಹಿಡಿದು, ಮುಟ್ಟಿದರೆ ಬೆರಳು ಕಂದಾಗುತ್ತಿತ್ತು. ಸರಿಮಾಡಿಸಲು ಕೈ ಬಂದಿಲ್ಲ, ತನಗಾಗಿ ಏನೂ ಮಾಡಿಕೊಳ್ಳುವ ಗಂಡಸಲ್ಲ ಎಂದುಕೊಂಡಳು. ಬೆಡ್‌ಶೀಟಿನಲ್ಲಿ ಸುತ್ತಿ, ಮಗುವನ್ನು ಎತ್ತಿಕೊಂಡ ಹಾಗೆ ಎತ್ತಿಕೊಂಡು ಗ್ಯಾರೇಜಿಗೆ ಹೋದಳು. ತಂತಿಗಳನ್ನು ತಾನೇ ಅಂಗಡಿಗೆ ಹೋಗಿ ಕೇಳಿ, ಇದ್ದುದರಲ್ಲೇ ಒಳ್ಳೆಯವನ್ನು ತಂದಳು.

ಅವನು ಮನೆಗೆ ಬಂದ ದಿನ ಮಂಚದ ಎದುರಿಗೇ ಅದನ್ನಿಟ್ಟು ಮೇಲೆ ಬಟ್ಟೆ ಮುಚ್ಚಿದ್ದಳು. ಅವನನ್ನು ಮಲಗಿಸಿ, ದಿಂಬು ಏರಿಸಿ, ಬಟ್ಟೆ ಎಳೆದಳು.

ಅವನು ಬಹಳ ಹೊತ್ತು ನೋಡಿದ.

“ಚೆನ್ನಾಗಿದೆ,” ಎಂದ.

“ನಿಜವಾಗ್ಲೂ?”

“ತುಂಬ ಚೆನ್ನಾಗಿದೆ. ಇಷ್ಟೆಲ್ಲ ಯಾಕೆ ಮಾಡೋಕೆ ಹೋದೆ?”

ಅವಳು ಅಡುಗೆಮನೆಗೆ ಹೋಗಿ, ನಲ್ಲಿ ಬಿಟ್ಟುಕೊಂಡು, ಸದ್ದು ಕೇಳಿಸದ ಹಾಗೆ ಅತ್ತಳು. ಆಮೇಲಿನ ಎರಡು ತಿಂಗಳು ಹೊಲಸು ಬಳಿದದ್ದು, ನಿದ್ದೆಗೆಟ್ಟದ್ದು ಯಾವುದೂ ಭಾರವೆನಿಸಲಿಲ್ಲ. ಅವನು ಮತ್ತೆ ಗಿಟಾರು ಮುಟ್ಟಲಿಲ್ಲ. ಕೈಯಲ್ಲಿ ಶಕ್ತಿಯಿಲ್ಲ ಎಂದ. ಬೆಳಕು ಕಣ್ಣಿಗೆ ಚುಚ್ಚುತ್ತದೆ ಎಂದು ಗೋಡೆ ಕಡೆ ತಿರುಗಿಯೇ ಮಲಗುತ್ತಿದ್ದ. ಇರಲಿ. ಒಂದು ಸಲವಾದರೂ ಹೇಳಿದನಲ್ಲ. ಇಡೀ ಸಂಸಾರದಲ್ಲಿ ತನ್ನ ಪಾಲಿಗೆ ಬಂದದ್ದು ಈ ಒಂದು ಮಾತು ಎಂದು ಅವಳು ಅದನ್ನು ಎತ್ತಿಟ್ಟುಕೊಂಡಿದ್ದಳು.

* * *

ಗಾಡಿ ಬರುವುದು ತಡವಾಯಿತು. ಅಡ್ಡವಾಗುತ್ತದೆಂಬ ನೆಪದಲ್ಲಿ ಡಾಕ್ಟರು, ಮೈಕ್‌ಸೆಟ್ಟಿನವನು ಇಬ್ಬರೂ ಗಿಟಾರನ್ನು ಒಳಕೋಣೆಗೆ ಸಾಗಿಸಿದ್ದರು. ಅವಳು ಅವರಿಗೆ ಕುಡಿಯಲು ನೀರು ತಂದಾಗ ಡಾಕ್ಟರು ಅದನ್ನು ತೊಡೆಯ ಮೇಲೆ ಅಡ್ಡ ಮಲಗಿಸಿಕೊಂಡು, ರೋಗಿಯ ದವಡೆ ಒತ್ತುವಂತೆ ಅಲ್ಲಲ್ಲಿ ಬೆರಳಿನಿಂದ ಒತ್ತುತ್ತಿದ್ದರು.

“ಹಳೇ ಬಣ್ಣ ತೆಳ್ಳಗಿರುತ್ತೆ ಕಣೋ, ಮರ ಉಸಿರಾಡುತ್ತೆ. ಇದಕ್ಕೆ ಪ್ಲಾಸ್ಟಿಕ್ ಚೀಲದಲ್ಲಿ ಮುಖ ಕಟ್ಟಿದ ಹಾಗಾಗಿದೆ.”

“ಸಾರ್, ಇದು ಎಲೆಕ್ಟ್ರಿಕ್ಕು. ಪಿಕಪ್ ಅಂದ್ರೆ ಆಯಸ್ಕಾಂತ, ಅದರ ಸುತ್ತ ತಾಮ್ರದ ಸುರುಳಿ. ಮೇಲೆ ತಂತಿ ಅಲುಗಾಡೋದು ಬಿಟ್ರೆ ಅದಕ್ಕೆ ಬೇರೆ ಏನೂ ತಿಳಿಯಲ್ಲ. ಬಣ್ಣ ಕೆಂಪೋ ಕಪ್ಪೋ ನೋಡೋಕೆ ಅದಕ್ಕೇನು ಕಣ್ಣಿದೆಯಾ?”

“ಹಾಗಾದ್ರೆ ನಿನ್ನ ಹೊಚ್ಚ ಹೊಸ ಐದು ತಂತೀದು ಯಾಕೆ ಫ್ರಿಜ್ಜಿನ ಥರ ಗುಂಯ್ ಅನ್ನುತ್ತೆ?”

“ನಿಮ್ಮದು ನೆಗಡಿಯಾದ ಎಮ್ಮೆ ಥರ ಅನ್ನುತ್ತಲ್ಲ, ಅದಕ್ಕಿಂತ ವಾಸಿ.”

ಇಬ್ಬರೂ ನಕ್ಕರು. ಬಾಗಿಲಲ್ಲಿ ಅವಳನ್ನು ಕಂಡು ನಗು ನುಂಗಿದರು. ಮುಜುಗರ ಮರೆಸಲು ಡಾಕ್ಟರು ತಂತಿಯೊಂದನ್ನು ಮೀಟಿದರು. ಅದು ಚಮಚ ಬಿದ್ದ ಹಾಗೆ ಝಣ್ಣೆಂದಿತು. ಅವರು ಕನ್ನಡಕ ಏರಿಸಿ ಬಗ್ಗಿ ನೋಡಿದರು.

“ತಂತೀನೂ ಹೊಸದು! ಹಳೇವು ಎಲ್ಲಿ ಅತ್ತಿಗೆ?”

“ಕಸಕ್ಕೆ ಹಾಕ್ದೆ. ತುಕ್ಕು ಹಿಡಿದಿತ್ತು.”

ಡಾಕ್ಟರು ಕಣ್ಣು ಮುಚ್ಚಿಕೊಂಡರು. ಹೊರಗೆ ಹೆಣ ನೋಡಿದಾಗ ಅವರು ಹಾಗೆ ಮುಚ್ಚಿಕೊಂಡಿರಲಿಲ್ಲ.

“ಅವನ ಬೆರಳಿನ ಎಣ್ಣೆ, ಬೆವರು ಎಲ್ಲ ಕುಡಿದು ಮಂಕಾದ ತಂತಿ ಅವು. ಆ ಗುಮ್ಮೆನ್ನೋ ಶಬ್ದ ಕಾಸು ಕೊಟ್ಟರೂ ಸಿಗಲ್ಲ.”

“ಅದೊಂದು ಒಪ್ತೀನಿ ಸಾರ್,” ಎಂದ ಮೈಕ್‌ಸೆಟ್ಟಿನವನು ತಲೆ ತಗ್ಗಿಸಿ. “ಬಣ್ಣ ಬಿಡಿ. ತಂತಿ ಮಾತ್ರ ಒಪ್ತೀನಿ.”

ಇಷ್ಟು ವರ್ಷ ಜಗಳವಾಡಿದ ಇವರಿಬ್ಬರು ತಾನು ಮಾಡಿದ್ದರ ಬಗ್ಗೆ ಒಂದಾದರು ಎಂದು ಅವಳಿಗೆ ಹೊಳೆಯಿತು.

“ಬೇಕಿದ್ರೆ ನೀವೇ ತಗೊಂಡು ಹೋಗಿ ಡಾಕ್ಟ್ರೇ. ಕೊಡು ಕೊಡು ಅಂತ ಮುಂಚಿಂದ ಕೇಳ್ತಿದ್ರಂತಲ್ಲ.”

ಡಾಕ್ಟರು ಗಿಟಾರನ್ನು ಮೆಲ್ಲಗೆ ಹಾಸಿಗೆಯ ಮೇಲಿಟ್ಟು ಕೈ ಒರೆಸಿಕೊಂಡರು. “ಈಗ ಬೇಡ ಅತ್ತಿಗೆ. ಇಂಥದ್ದು... ಅಂಗಡೀಲಿ ಹೊಸದೇ ಸಿಗುತ್ತೆ.”

* * *

ಒಮ್ಮೆ ಮಾತ್ರ ಅವಳು ಆ ಭಾನುವಾರದ ಕೋಣೆಯನ್ನು ನೋಡಿದ್ದಳು. ಅವನು ಮನೆಯ ಬೀಗದ ಕೈ ಜೇಬಿನಲ್ಲಿಟ್ಟುಕೊಂಡೇ ಹೋಗಿಬಿಟ್ಟಿದ್ದ, ಇಸಿದುಕೊಳ್ಳಲು ಹೋಗಿದ್ದಳು. ಬಿಚ್ಚಿಟ್ಟ ರೇಡಿಯೋಗಳ ನಡುವೆ ಮೂವರು ಗಂಡಸರು, ಶಿಕ್ಷೆಗೆ ನಿಲ್ಲಿಸಿದ ಶಾಲೆ ಹುಡುಗರಂತೆ, ಗೋಡೆಗೆ ಮುಖ ಮಾಡಿ ಸ್ಟೂಲುಗಳ ಮೇಲೆ ಕೂತಿದ್ದರು. ನಡುವಿನವನು ಅವಳ ಗಂಡ. ಅವರ ಬೆನ್ನ ಹಿಂದೆ ಅಂಗಡಿಯ ಮುದುಕರು, ಎಲ್ಲರ ರಿಪೇರಿಯಣ್ಣ, ಒಂದೇ ಸಾಲನ್ನು ಮೊದಲು ಒಂದು ಬೇಸ್‌ನಲ್ಲಿ, ಆಮೇಲೆ ಇನ್ನೊಂದರಲ್ಲಿ ನುಡಿಸಿ, “ಹೇಳಿ, ಯಾವುದು ಹಳೇದು?” ಎಂದರು.

“ಎರಡನೇದು,” ಎಂದ ಮೈಕ್‌ಸೆಟ್ಟಿನವನು.

“ಎರಡನೇದು ನಿಂದೇ ಕಣೋ ಪೆದ್ದ!” ಅವಳ ಗಂಡ ಕೂಗಿದ. “ಸ್ವಂತ ಮಗೂ ಅಳು ಗುರುತಿಸಲ್ವಲ್ಲೋ, ನಿನ್ನ ಮನೆ ಹಾಳಾಗ!” ಎಂದು ತೊಡೆ ಬಡಿದುಕೊಂಡು, ಕೆಮ್ಮು ಬರುವಷ್ಟು, ಸ್ಟೂಲು ಕಿರುಗುಡುವಷ್ಟು ನಕ್ಕ.

ಅವಳು ಬೇರೆ ಯಾರದೋ ಗಂಡನನ್ನು ನೋಡಿದವಳಂತೆ ಹಿಂದೆ ಸರಿದಳು. ಬೀಗದ ಕೈ ಕೇಳಲಿಲ್ಲ. ಅವನು ಬರುವವರೆಗೂ ಮೆಟ್ಟಿಲ ಮೇಲೆ ಕೂತಿದ್ದಳು.

* * *

ಲೋಟಗಳನ್ನು ತೊಳೆಯುತ್ತಿದ್ದಾಗ ರಿಪೇರಿಯಣ್ಣ ಅಡುಗೆಮನೆಯ ಬಾಗಿಲಿಗೆ ಬಂದು ನಿಂತರು.

“ಡಾಕ್ಟರ ಮಾತು ಮನಸ್ಸಿಗೆ ಹಚ್ಕೋಬೇಡಮ್ಮ. ಅವರಿಗೆ ನಾಲಿಗೆ ಮೇಲೆ ಹಿಡಿತ ಇಲ್ಲ.”

“ಅಣ್ಣ, ಎರಡು ತಿಂಗಳು ಒಬ್ಬರೂ ಯಾಕೆ ಬರಲಿಲ್ಲ?”

ಮುದುಕರು ಗೋಡೆ ನೋಡಿದರು.

“ಅವನೇ ಬೇಡ ಅಂದ. ಆಸ್ಪತ್ರೆಯಿಂದ ಬಂದ ದಿನವೇ ಫೋನ್ ಮಾಡಿದ್ದ, ನೀನು ಔಷಧಿ ತರೋಕೆ ಹೋದಾಗ. ‘ಯಾರೂ ಮನೆ ಕಡೆ ಸುಳಿಯೋ ಹಾಗಿಲ್ಲ, ಡಾಕ್ಟರಂತೂ ಬರಲೇಕೂಡದು, ನೋಡಿದ್ರೆ ಬಾಯಿ ಬಿಡ್ತಾರೆ, ಇವಳಿಗೆ ಗೊತ್ತಾಗಿಬಿಡುತ್ತೆ’ ಅಂದ. ಉಳಿದಿಬ್ಬರಿಗೂ ನಾನು ಸೋಂಕಿನ ಭಯ ಅಂತ ಸುಳ್ಳು ಹೇಳಿದ್ದೆ.”

“ಅಂದ್ರೆ ಚೆನ್ನಾಗಿರಲಿಲ್ಲ.”

ಮುದುಕರು ಹೆಗಲ ಟವೆಲಿನಿಂದ ಮುಖ ಒರೆಸಿಕೊಂಡರು.

“ಮತ್ತೇನಂದ್ರು?”

“ಬಿಡಮ್ಮ, ಈಗ ಯಾಕೆ?”

“ಹೆಣ ಹೊರಗಿದೆ ಅಣ್ಣ. ಇವತ್ತಾದ್ರೂ ಈ ಮನೇಲಿ ಯಾರಾದ್ರೂ ಒಂದು ನಿಜ ಹೇಳಿ.”

“‘ಮಂಚದ ಎದುರಿಗೇ ಇಟ್ಟಿದಾಳೆ, ಕಣ್ಣು ಮುಚ್ಚಿದ್ರೂ ಕಾಣುತ್ತೆ’ ಅಂದ. ಆಮೇಲೆ ಅತ್ತ. ಜೋರಾಗಿ ಅತ್ತ. ನಿನ್ನ ಮನಸ್ಸು ನೋಯಬಾರದು ಅಂತ ಕಣಮ್ಮ. ಅಷ್ಟು ಪ್ರೀತಿ ಇತ್ತು ಅಂತ ತಿಳ್ಕೋ.”

“ನಿಮ್ಮ ಹತ್ರ ಅತ್ತರು,” ಎಂದಳು. “ಅಲ್ಲಿ ನಗೋರು, ಅಳೋರು, ಬೈಯೋರು. ನನ್ನ ಹತ್ರ ಮಾತ್ರ ಚೆನ್ನಾಗಿದೆ ಅಂದ್ರು.” ಲೋಟ ಕೈ ಜಾರಿ ತೊಟ್ಟಿಯೊಳಗೆ ಉರುಳಿತು. “ಬೈಬೇಕಿತ್ತು ಅಣ್ಣ. ಎಂಥ ಕೆಲಸ ಮಾಡಿದೆಯೇ ಕತ್ತೆ ಅಂತ ಒಂದು ಸಲ ಕೂಗಿದ್ರೆ ಸಾಕಿತ್ತು. ಗಂಡ ಅನ್ನಿಸಿಕೊಳ್ತಿದ್ರು.”

ಬೀದಿಯಲ್ಲಿ ಗಾಡಿಯ ಹಾರ್ನ್ ಕೇಳಿತು. ಮುದುಕರು ಅದಕ್ಕೇ ಕಾಯುತ್ತಿದ್ದವರಂತೆ ಹೊರಟುಹೋದರು.

ಅವಳು ಕೈ ಒರೆಸಿಕೊಳ್ಳಲಿಲ್ಲ. ತರಕಾರಿ ಹೆಚ್ಚುವ ಚಾಕು ತೆಗೆದುಕೊಂಡು ಒಳಕೋಣೆಗೆ ಹೋಗಿ ಚಿಲಕ ಹಾಕಿದಳು. ಗಿಟಾರು ಹಾಸಿಗೆಯ ಮೇಲೆ ಮಲಗಿತ್ತು. ಮೇಲಂಚಿನಲ್ಲಿ ಒಂದು ಕಡೆ ಚಾಕುವಿನ ತುದಿಯಿಟ್ಟು ಕೆರೆದಳು. ಕೆಂಪು ಸುರುಳಿಯಾಗಿ ಎದ್ದು ಬಂತು. ಅದರ ಕೆಳಗೆ ಇನ್ನೂ ಕೆಂಪು. ಆಮೇಲೆ ಬೂದಿಬಣ್ಣದ ಪ್ರೈಮರ್. ಒತ್ತಿ ಕೆರೆದಳು. ಅದೂ ಪುಡಿಯಾಗಿ ಉದುರಿತು. ಕೆಳಗೆ ಮರ ಕಂಡಿತು. ಎಣ್ಣೆಗಪ್ಪು ಮರವಲ್ಲ, ನಿನ್ನೆ ಗರಗಸಕ್ಕೆ ಕೊಟ್ಟಂತೆ ಬೆಳ್ಳಗಿನ, ಹೊಸ ಮರ. ತಂಗಿಯ ಗಂಡ ಬಲು ಅಚ್ಚುಕಟ್ಟಿನ ಮನುಷ್ಯ. ಕೆಳಗಿನದೆಲ್ಲವನ್ನೂ ಉಜ್ಜಿ ತೆಗೆದ ಮೇಲೇ ಬಣ್ಣ ಮುಟ್ಟಿದ್ದ.

ಕುತ್ತಿಗೆಯ ಬುಡದಲ್ಲಿ ಕೆರೆದಳು. ಬೆಳ್ಳಗೆ. ಕೆಳಗಿನ ಮೂಲೆಯಲ್ಲಿ ಕೆರೆದಳು. ಬೆಳ್ಳಗೆ.

“ಅಕ್ಕಾ, ಬಾಗಿಲು ತೆಗಿಯೇ,” ತಂಗಿ ಹೊರಗಿನಿಂದ ಬಡಿದಳು. “ಮುಖ ಮುಚ್ತಿದಾರೆ, ಕೊನೇ ಸಲ ನೋಡು ಬಾ.”

“ಬಂದೆ,” ಎಂದಳು. ಉಗುರಿನ ಸಂದುಗಳೆಲ್ಲ ಕೆಂಪಾಗಿದ್ದವು. ಗಿಟಾರನ್ನು ಮಗುಚಿ ಹಾಕಿ, ಬೆನ್ನಿನ ಕಡೆಯಿಂದ ಕೆರೆಯತೊಡಗಿದಳು.